ದೂರವಿರುವುದೂ ಪ್ರೀತಿಯೇ?

ಅಂಕೋಲೆಯ ಕಡೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಇದು ಇಂಥವರದೇ ಎಂದು ಹೇಳಬಹುದಾದ ಮನೆಯಲ್ಲ. ಆದರೆ ನಾಳೆ ನಿಮ್ಮದೋ ನನ್ನದೋ ಆಗಬಹುದಾದ ಮನೆ. ಆ ಮನೆಯ ಹಿರಿಯ ಸೊಸೆಗೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ತಿಳಿದು, ಕೆಲವು ತಿಂಗಳ ಹಿಂದೆ ಆಪರೇಷನ್ ಆಗಿದೆ. ಅದರ ಮುಂದಿನ ಚಿಕಿತ್ಸೆಗೆಂದು ಮುಂಬಯಿಗೆ ಹೋದವಳು ಇಂದು ಮರಳಿ ಬಂದಿದ್ದಾಳೆ. ಅಂಗಳದಲ್ಲಿ ರಿಕ್ಷಾ ನಿಂತ ಸದ್ದು ಕೇಳಿ ಮೂರು ವರ್ಷದ ಮಗ ಓಡಿ ಬರುತ್ತಾನೆ. ತಾಯಿ ಕೈ ಚಾಚುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, "ಅಲ್ಲೇ ನಿಲ್ಲು ಪುಟ್ಟಾ, ಹತ್ತಿರ ಬರಬೇಡ" ಎನ್ನುತ್ತಾಳೆ. ಮಗು ಬಿಕ್ಕಿ ಬಿಕ್ಕಿ ಅಳುತ್ತದೆ.

ಜಗಲಿಯಲ್ಲಿ ಕುಳಿತ ಅತ್ತೆಗೆ ಇದು ಸಹಿಸದು. "ಇಷ್ಟು ದಿನದ ಮೇಲೆ ಬಂದವಳು ಮಗುವನ್ನು ಒಮ್ಮೆ ಎತ್ತಿಕೊಳ್ಳಬಾರದೇನೇ? ದೇವರಿದ್ದಾನೆ, ಏನೂ ಆಗುವುದಿಲ್ಲ" ಎನ್ನುತ್ತಾರೆ. ಐದು ತಿಂಗಳ ಬಸುರಿಯಾದ ಓರಗಿತ್ತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಹೊರಗೆ ಬರಲೋ ಬೇಡವೋ ಎಂದು ತಿಳಿಯದೆ ಸೆರಗು ಹಿಡಿದುಕೊಂಡಿದ್ದಾಳೆ. ಬೇಲಿಯಾಚೆಯ ನೆರೆಯಾಕೆ ಇದನ್ನೆಲ್ಲ ನೋಡಿ, ಇನ್ನು ಮುಂದೆ ಆ ಮನೆಯಿಂದ ಒಂದು ತೆಂಗಿನಕಾಯಿಯನ್ನೂ ತೆಗೆದುಕೊಳ್ಳಬಾರದೆಂದು ಮನಸ್ಸಿನಲ್ಲೇ ನಿಶ್ಚಯಿಸುತ್ತಾಳೆ.

ಈ ನಾಲ್ವರಲ್ಲಿ ಪ್ರೀತಿಯನ್ನು ಸರಿಯಾಗಿ ತಿಳಿದವರು ಯಾರು? ಅಪ್ಪಿಕೊಳ್ಳುವುದು ಪ್ರೀತಿ, ಹತ್ತಿರವಿರುವುದು ಪ್ರೀತಿ ಎಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಹಾಗಾದರೆ ದೂರ ನಿಲ್ಲುವುದೂ ಪ್ರೀತಿಯಾಗಬಲ್ಲದೇ? ಅದು ಪ್ರೀತಿಯಾಗುವುದು ಯಾವಾಗ, ಬಹಿಷ್ಕಾರವಾಗುವುದು ಯಾವಾಗ? ಉತ್ತರ ಹುಡುಕುವ ಮೊದಲು ಆ ಚಿಕಿತ್ಸೆ ಏನೆಂಬುದನ್ನು ತಿಳಿಯಬೇಕು. ತಿಳಿಯದೆ ಕೊಡುವ ತೀರ್ಪು ತೀರ್ಪಲ್ಲ.

ಹಸಿದ ಗ್ರಂಥಿ

ಥೈರಾಯ್ಡ್ ನಮ್ಮ ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಚಿಕ್ಕ ಗ್ರಂಥಿ. ನಾವು ತಿನ್ನುವ ಆಹಾರದಲ್ಲಿರುವ ಅಯೋಡಿನ್ ಅನ್ನು ಹೀರಿಕೊಂಡು, ಶರೀರಕ್ಕೆ ಬೇಕಾದ ಹಾರ್ಮೋನನ್ನು ತಯಾರಿಸುವುದು ಇದರ ಕೆಲಸ. ಅಯೋಡಿನ್‌ಗಾಗಿ ಇಷ್ಟೊಂದು ಹಸಿವುಳ್ಳ ಅಂಗ ಶರೀರದಲ್ಲಿ ಬೇರೊಂದಿಲ್ಲ. ಈ ಗ್ರಂಥಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಪ್ಯಾಪಿಲರಿ ಮತ್ತು ಫಾಲಿಕ್ಯುಲರ್ ಎಂಬ ಎರಡು ಬಗೆಯವು. ಗಂಡಸರಿಗಿಂತ ಹೆಂಗಸರಲ್ಲಿ ಇವು ಹೆಚ್ಚು. ಸರಿಯಾದ ಕಾಲಕ್ಕೆ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಜನ ಗುಣ ಹೊಂದಿ ದೀರ್ಘಕಾಲ ಬಾಳುತ್ತಾರೆ. ಇದು ಮೊದಲು ತಿಳಿಯಬೇಕಾದ ಸಮಾಧಾನದ ಮಾತು.

ಮೊದಲು ಆಪರೇಷನ್ ಮಾಡಿ ಗ್ರಂಥಿಯನ್ನು ತೆಗೆಯುತ್ತಾರೆ. ಎಷ್ಟೇ ನುರಿತ ಕೈಯಾದರೂ ಗ್ರಂಥಿಯ ಸಣ್ಣ ಚೂರುಗಳು ಉಳಿಯಬಹುದು. ಕ್ಯಾನ್ಸರಿನ ಕಣಗಳು ಬೇರೆ ಕಡೆ ಹೋಗಿ ಕುಳಿತಿರಲೂಬಹುದು. ಅವುಗಳನ್ನು ಕತ್ತಿಯಿಂದ ಹುಡುಕಲು ಸಾಧ್ಯವಿಲ್ಲ. ಆಗ ವೈದ್ಯರು ಆ ಕಣಗಳ ಹಸಿವನ್ನೇ ಉಪಯೋಗಿಸುತ್ತಾರೆ. ಅಯೋಡಿನ್-131 ಎಂಬ ವಿಕಿರಣಶೀಲ ಅಯೋಡಿನ್ ಅನ್ನು ಕ್ಯಾಪ್ಸೂಲ್ ಅಥವಾ ದ್ರವದ ರೂಪದಲ್ಲಿ ಕುಡಿಸುತ್ತಾರೆ. ಹಸಿದ ಕಣಗಳು ಅದನ್ನು ಆಹಾರವೆಂದು ನುಂಗುತ್ತವೆ. ಅದರಿಂದ ಹೊರಡುವ ಬೀಟಾ ಕಿರಣ ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಚಲಿಸಿ, ನುಂಗಿದ ಕಣವನ್ನೇ ಸುಡುತ್ತದೆ. ಅದರ ಜೊತೆಗೆ ಗಾಮಾ ಎಂಬ ಇನ್ನೊಂದು ಕಿರಣವೂ ಹೊರಡುತ್ತದೆ. ಅದು ಶರೀರವನ್ನು ದಾಟಿ ಹೊರಗೆ ಬರುತ್ತದೆ. ನಮ್ಮ ಪ್ರಶ್ನೆ ಹುಟ್ಟುವುದು ಈ ಎರಡನೆಯ ಕಿರಣದಿಂದ.

ಈ ಅಯೋಡಿನ್ ಅನ್ನು 1938ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಜಾನ್ ಲಿವಿಂಗುಡ್ ಕಂಡುಹಿಡಿದರು. 1946ರಲ್ಲಿ ನ್ಯೂಯಾರ್ಕಿನ ವೈದ್ಯ ಸ್ಯಾಮ್ಯುಯೆಲ್ ಸೈಡ್ಲಿನ್ ಮತ್ತು ಸಂಗಡಿಗರು, ಶರೀರದಲ್ಲಿ ಹರಡಿದ್ದ ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣಶೀಲ ಅಯೋಡಿನ್ ಕೊಟ್ಟು ಫಲ ಕಂಡದ್ದನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಇದನ್ನು ಟ್ರಾಂಬೆಯಲ್ಲಿ ತಯಾರಿಸುತ್ತದೆ. ಅದೇ ಸಂಸ್ಥೆ 1963ರಲ್ಲಿ ಮುಂಬಯಿಯ ಪರೇಲಿನಲ್ಲಿ ವಿಕಿರಣ ವೈದ್ಯಕೀಯ ಕೇಂದ್ರವನ್ನು ಆರಂಭಿಸಿತು. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತಲ್ಲವೇ? ದೊಡ್ಡ ಕಾಯಿಲೆಗೆ ಮುಂಬಯಿಯ ದಾರಿ ಹಿಡಿಯುವುದು ಕಾರವಾರದವರಿಗೆ ಅಂದಿನಿಂದಲೂ ರೂಢಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಆ ದಾರಿ ಒಂದು ರಾತ್ರಿಯದಾಯಿತು.

ಮೀನಿಲ್ಲದ ಉಪವಾಸ

ಔಷಧಿ ಕುಡಿಯುವ ಮೊದಲು ಆ ಕಣಗಳನ್ನು ಇನ್ನಷ್ಟು ಹಸಿವಿನಲ್ಲಿಡಬೇಕು. ಅದಕ್ಕಾಗಿ ಒಂದೆರಡು ವಾರ ಅಯೋಡಿನ್ ಕಡಿಮೆಯಿರುವ ಊಟ. ಅಯೋಡಿನ್ ಬೆರೆಸಿದ ಪ್ಯಾಕೆಟ್ ಉಪ್ಪು ಬೇಡ, ಹಾಲು ಮೊಟ್ಟೆ ಬೇಡ, ಮುಖ್ಯವಾಗಿ ಸಮುದ್ರದ ಮೀನು ಬೇಡ. ಬಂಗಡೆ, ತಾರ್ಲೆ, ಸಿಗಡಿ, ಏಡಿ, ಒಣಮೀನು ಎಲ್ಲವೂ ನಿಷಿದ್ಧ. ನಾವು ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಟ್ಟು ಮೀನು ತಿಂದು, ದೊಡ್ಡ ತ್ಯಾಗ ಮಾಡಿದೆವೆಂದುಕೊಳ್ಳುವವರು. ಕಾರವಾರದ ಕಡಲ ದಂಡೆಯಲ್ಲಿ ಹುಟ್ಟಿದವಳಿಗೆ ಮೀನಿನ ವಾಸನೆ ಬರುವ ಮನೆಯಲ್ಲೇ ಕುಳಿತು ಸಪ್ಪೆ ಗಂಜಿ ಉಣ್ಣುವುದು ಎಂಥ ಉಪವಾಸವೆಂದು ಯೋಚಿಸಿ. ಯಾವ ಉಪ್ಪು ಆಗಬಹುದೆಂದು ಆಸ್ಪತ್ರೆಯವರನ್ನೇ ಕೇಳಬೇಕು. ಸಾಣಿಕಟ್ಟಾದ ಉಪ್ಪಿಗೆ ಅಯೋಡಿನ್ ಬೆರೆಸಿಲ್ಲ, ಆದ್ದರಿಂದ ನಡೆಯುತ್ತದೆ ಎಂದು ನಾವೇ ನಿರ್ಧರಿಸಬಾರದು.

ಇದಲ್ಲದೆ ಅನೇಕರಿಗೆ ಥೈರಾಕ್ಸಿನ್ ಮಾತ್ರೆಯನ್ನು ಮೂರು ನಾಲ್ಕು ವಾರ ನಿಲ್ಲಿಸಲಾಗುತ್ತದೆ. ಆಗ ಮೈ ಭಾರ, ಚಳಿ, ಮಂಪರು, ಕಾರಣವಿಲ್ಲದ ಕಣ್ಣೀರು. ಮನೆಯವರು ಇದನ್ನು ಸೋಮಾರಿತನವೆಂದು ತಿಳಿಯಬಾರದು. ಒಲೆಯ ಮುಂದೆ ನಿಂತವಳು ನಿಂತಲ್ಲೇ ಮರೆತುಬಿಟ್ಟರೆ ಗದರಬೇಡಿ. ಅದು ಅವಳ ದೋಷವಲ್ಲ, ಗ್ರಂಥಿಯಿಲ್ಲದ ಶರೀರದ ಬಳಲಿಕೆ.

ಇಲ್ಲಿ ಇನ್ನೊಂದು ಮಾತು. ಈ ಚಿಕಿತ್ಸೆ ಎಲ್ಲರಿಗೂ ಬೇಕೆಂದಿಲ್ಲ. ಫ್ರಾನ್ಸಿನಲ್ಲಿ ಅಪಾಯ ಕಡಿಮೆಯಿದ್ದ 776 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಆಪರೇಷನ್ ಆದ ಮೇಲೆ ಅಯೋಡಿನ್ ಪಡೆಯದವರೂ ಮೂರು ವರ್ಷಗಳ ಕೊನೆಯಲ್ಲಿ ಪಡೆದವರಷ್ಟೇ ಚೆನ್ನಾಗಿದ್ದರು. ಆದ್ದರಿಂದ "ನನಗೆ ಇದು ಏಕೆ ಬೇಕು, ಎಷ್ಟು ಬೇಕು?" ಎಂದು ವೈದ್ಯರನ್ನು ಕೇಳುವುದು ಅವಿಶ್ವಾಸವಲ್ಲ. ದೇವರು ಕೊಟ್ಟ ಶರೀರದ ಬಗ್ಗೆ ನಮಗಿರುವ ಜವಾಬ್ದಾರಿ. ಬೇಕಾದವರು ಹೆದರಿ ಬಿಡಬಾರದು. ಬೇಡವಾದವರು ಹೆದರಿ ಪಡೆಯಲೂಬಾರದು.

ನಾಲ್ಕು ಗೋಡೆಯ ಒಳಗೆ

ಹೆಚ್ಚಿನ ಪ್ರಮಾಣದ ಅಯೋಡಿನ್ ಪಡೆದವರು ಕೆಲವು ದಿನ ಪ್ರತ್ಯೇಕ ಕೋಣೆಯಲ್ಲಿರಬೇಕು. ಊಟದ ತಟ್ಟೆ ಬಾಗಿಲ ಬಳಿ ಬರುತ್ತದೆ. ನರ್ಸ್ ದೂರದಿಂದ ಮಾತನಾಡುತ್ತಾರೆ. ಶೌಚಾಲಯದ ನೀರು ನೇರವಾಗಿ ಚರಂಡಿಗೆ ಹೋಗದೆ, ವಿಕಿರಣ ತಗ್ಗುವ ತನಕ ಬೇರೆ ತೊಟ್ಟಿಯಲ್ಲಿ ನಿಲ್ಲುತ್ತದೆ. ಬೆವರು, ಎಂಜಲು, ಮೂತ್ರದಲ್ಲಿ ಅಯೋಡಿನ್ ಹೊರಬರುವುದರಿಂದ ಒಳಗೆ ತಂದ ವಸ್ತುಗಳಿಗೂ ಅದು ತಾಗಬಹುದು. ಹಾಗಾಗಿ ಕಡಿಮೆ ಸಾಮಾನು ತನ್ನಿ ಎನ್ನುತ್ತಾರೆ. ಅಜ್ಜಿಯ ಕಾಲದ ಜಪಸರವನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಹತ್ತು ಬೆರಳುಗಳಿವೆಯಲ್ಲ, ಹತ್ತು ನಮೋ ಮರಿಯಾ ಎಣಿಸಲು ಅಷ್ಟು ಸಾಕು. ಪರಮಪ್ರಸಾದವನ್ನು ಆಸ್ಪತ್ರೆಗೆ ಸೇರುವ ಮೊದಲೇ ಸ್ವೀಕರಿಸಬಹುದು.

ಆ ಕೋಣೆಯಲ್ಲಿ ರೋಗಿಯ ಮನಸ್ಸಿಗೆ ಏನನ್ನಿಸುತ್ತದೆ? ನಾನು ಅಶುದ್ಧಳಾದೆನೇ, ನನ್ನ ಉಸಿರೇ ವಿಷವಾಯಿತೇ ಎಂದನ್ನಿಸುತ್ತದೆ. ಕಾಯಿಲೆಯ ನೋವಿಗಿಂತ ಈ ನೋವು ದೊಡ್ಡದು. ಇಷ್ಟು ದಿನ ಅವಳು ಬೇರೆಯವರ ಆರೈಕೆ ಪಡೆಯುವವಳಾಗಿದ್ದಳು. ಈಗ ಒಂದೇ ದಿನದಲ್ಲಿ ಬೇರೆಯವರನ್ನು ತನ್ನಿಂದ ಕಾಪಾಡುವವಳಾಗಬೇಕು. ರೋಗಿಗೂ ಕರ್ತವ್ಯವಿದೆಯೇ ಎಂದು ನೀವು ಕೇಳಬಹುದು. ಇದೆ. ಹಾಸಿಗೆ ಹಿಡಿದವರಿಗೂ ಪ್ರೀತಿಸುವ ಶಕ್ತಿ ಇದೆ ಎಂದು ನಾವು ನಂಬುವುದಾದರೆ, ಕರ್ತವ್ಯವೂ ಇದೆ ಎಂದು ಒಪ್ಪಬೇಕು. ಅದು ಅವಳ ಮೇಲೆ ಹೊರಿಸಿದ ಶಿಕ್ಷೆಯಲ್ಲ. ಅವಳಿಗೆ ಉಳಿದಿರುವ ಗೌರವ.

ಕೈಗಾದ ನೆರಳು

ವಿಕಿರಣ ಎಂಬ ಶಬ್ದ ನಮ್ಮ ತಾಲ್ಲೂಕುಗಳಿಗೆ ಆಸ್ಪತ್ರೆಯ ಮೂಲಕ ಬಂದದ್ದಲ್ಲ, ಕೈಗಾದ ಮೂಲಕ ಬಂದದ್ದು. ಅಣು ವಿದ್ಯುತ್ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಇಲ್ಲಿಂದಲೇ ಸ್ಪರ್ಧಿಸಿದ್ದು ಹಿರಿಯರಿಗೆ ನೆನಪಿರಬಹುದು. 1994ರಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಭಾಗ ಕುಸಿಯಿತು. 2009ರಲ್ಲಿ ನೌಕರರು ಕುಡಿಯುವ ನೀರಿನಲ್ಲಿ ಟ್ರಿಟಿಯಂ ಬೆರೆತ ಸುದ್ದಿ ಬಂತು. ಹೀಗೆ ನಮ್ಮ ಜನರ ಮನಸ್ಸಿನಲ್ಲಿ ಆ ಶಬ್ದದೊಂದಿಗೆ ಅಂಜಿಕೆಯೂ ಬೆಳೆದಿದೆ. ಸ್ಥಾವರ ಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ, ಅದಕ್ಕೆ ಇಲ್ಲಿ ತೀರ್ಪು ಕೊಡುತ್ತಿಲ್ಲ. ಆದರೆ ಆ ಅಂಜಿಕೆಯನ್ನು ಹೊತ್ತುಕೊಂಡು ಬಂದು ಒಬ್ಬ ರೋಗಿಯ ತಲೆಯ ಮೇಲೆ ಇಳಿಸುವುದು ಅನ್ಯಾಯ.

ಅಂಜಿಕೆಗೆ ಆಧಾರವೇ ಇಲ್ಲವೆಂದೂ ಹೇಳಲಾಗದು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ಸ್ಥಾವರ ಸ್ಫೋಟಗೊಂಡಾಗ ಗಾಳಿಗೆ ಬಿದ್ದ ವಸ್ತುಗಳಲ್ಲಿ ಇದೇ ಅಯೋಡಿನ್-131 ಇತ್ತು. ಅದು ಹುಲ್ಲಿಗೆ ಬಿದ್ದು, ಹುಲ್ಲಿನಿಂದ ಹಸುವಿಗೆ, ಹಸುವಿನ ಹಾಲಿನಿಂದ ಮಕ್ಕಳಿಗೆ ಸೇರಿತು. ಆ ಮಕ್ಕಳಲ್ಲಿ ಸಾವಿರಾರು ಮಂದಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಅಂಥ ಅಪಘಾತದ ಕಾಲಕ್ಕೆಂದು ಸ್ಥಾವರಗಳ ಸುತ್ತ ಸಾಧಾರಣ ಅಯೋಡಿನ್ ಮಾತ್ರೆಗಳನ್ನು ಇಟ್ಟಿರುತ್ತಾರೆ. ಹೊಟ್ಟೆ ತುಂಬಿದ ಗ್ರಂಥಿ ಕೆಟ್ಟ ಅಯೋಡಿನ್ ಅನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವೆಂಬುದು ಅದರ ತತ್ತ್ವ. ಅಲ್ಲಿ ಕ್ಯಾನ್ಸರ್ ತಂದದ್ದೂ ಇದೇ ಅಯೋಡಿನ್, ಪರೇಲಿನ ಕೋಣೆಯಲ್ಲಿ ಕ್ಯಾನ್ಸರನ್ನು ಸುಡುವುದೂ ಇದೇ ಅಯೋಡಿನ್. ಯಾರಿಗೆ, ಎಷ್ಟು, ಯಾವಾಗ, ಯಾರ ಎಚ್ಚರದಲ್ಲಿ ಎಂಬುದರಿಂದ ಒಂದು ನಾಶವಾಯಿತು, ಇನ್ನೊಂದು ಔಷಧಿಯಾಯಿತು. ವ್ಯತ್ಯಾಸವಿರುವುದು ಅಳತೆಯಲ್ಲಿ.

ಪ್ರೀತಿಗೂ ಅಳತೆಯುಂಟು

ಈ ಅಳತೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಏಕೆಂದರೆ ನಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಅಯೋಡಿನ್-131ರ ಶಕ್ತಿ ಪ್ರತಿ 8 ದಿನಕ್ಕೆ ಅರ್ಧವಾಗುತ್ತದೆ. 16 ದಿನಕ್ಕೆ ಕಾಲು ಭಾಗ, 24 ದಿನಕ್ಕೆ ಎಂಟನೆಯ ಒಂದು ಭಾಗ. ಗ್ರಂಥಿಯನ್ನೇ ತೆಗೆದವರ ಶರೀರದಲ್ಲಿ ಹಿಡಿದಿಡುವ ಜಾಗ ಕಡಿಮೆ. ಆದ್ದರಿಂದ ಹೆಚ್ಚಿನಂಶ ಮೊದಲ ಒಂದೆರಡು ದಿನಗಳಲ್ಲೇ ಮೂತ್ರದ ಮೂಲಕ ಹೊರಗೆ ಹೋಗುತ್ತದೆ. ಸಾಕಷ್ಟು ನೀರು ಕುಡಿಯಿರಿ ಎನ್ನುವುದು ಅದಕ್ಕಾಗಿ. ಇನ್ನು ದೂರದ ಲೆಕ್ಕ. ರೋಗಿಯಿಂದ ಒಂದು ಮಾರು ದೂರದಲ್ಲಿ ನಿಂತವರು ಎರಡು ಮಾರು ದೂರಕ್ಕೆ ಸರಿದರೆ, ಅವರಿಗೆ ತಾಗುವ ಕಿರಣ ಅರ್ಧವಲ್ಲ, ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತಿರವಿರುವ ಹೊತ್ತು ಕಡಿಮೆಯಾದಷ್ಟೂ ಕಿರಣ ಕಡಿಮೆ.

ಆದ್ದರಿಂದ ಆಸ್ಪತ್ರೆಯಿಂದ ಬಿಡುವಾಗ ಕೊಡುವ ಸೂಚನೆಗಳು ದಿನಗಳ ಲೆಕ್ಕದಲ್ಲಿ, ಮಾರುಗಳ ಲೆಕ್ಕದಲ್ಲಿ ಇರುತ್ತವೆ. ಇಷ್ಟು ದಿನ ಒಬ್ಬಳೇ ಮಲಗು. ಇಷ್ಟು ದಿನ ಚಿಕ್ಕ ಮಕ್ಕಳನ್ನು, ಬಸುರಿಯರನ್ನು ಹತ್ತಿರ ಕೂರಿಸಿಕೊಳ್ಳಬೇಡ. ತಟ್ಟೆ ಲೋಟ ಬೇರೆ ಇಡು, ಬಟ್ಟೆ ಬೇರೆ ಒಗೆ, ಶೌಚಾಲಯಕ್ಕೆ ಎರಡು ಸಲ ನೀರು ಬಿಡು. ಹಾಲೂಡುವ ತಾಯಂದಿರು ಚಿಕಿತ್ಸೆಗೆ ಕೆಲವು ವಾರ ಮೊದಲೇ ಹಾಲು ಬಿಡಿಸಿ, ಆ ಮಗುವಿಗೆ ಮತ್ತೆ ಊಡಬಾರದು. ಗರ್ಭಿಣಿಯರಿಗೆ ಈ ಔಷಧಿ ಕೊಡಲೇಬಾರದು. ಪಡೆದವರು ಕನಿಷ್ಠ 6 ತಿಂಗಳು ಗರ್ಭ ಧರಿಸಬಾರದು. ದಂಪತಿಗಳ ನಡುವಿನ ಆ ಸಂಯಮವೂ ಇನ್ನೂ ಹುಟ್ಟದ ಮಗುವಿನ ಮೇಲಿನ ಪ್ರೀತಿಯೇ. ಒಬ್ಬೊಬ್ಬರಿಗೆ ಕೊಟ್ಟ ಡೋಸಿಗೆ ತಕ್ಕಂತೆ ದಿನಗಳು ಬೇರೆಯಾಗುವುದರಿಂದ ನಿಮ್ಮ ಆಸ್ಪತ್ರೆ ಹೇಳಿದ ಲೆಕ್ಕವೇ ನಿಮಗೆ ಪ್ರಮಾಣ.

ಈಗ ಅಂಗಳದಲ್ಲಿ ನಿಂತ ನಾಲ್ವರ ಕಡೆಗೆ ಮರಳೋಣ.

ಅತ್ತೆಯದು ಒಳ್ಳೆಯ ಮನಸ್ಸು, ಆದರೆ ತಪ್ಪು ಮಾತು. ದೇವರಿದ್ದಾನೆ ಎಂಬ ನಂಬಿಕೆ ನಮ್ಮ ಅಸಡ್ಡೆಗೆ ಪರವಾನಿಗೆಯಲ್ಲ. ಮಂದಿರದ ಗೋಪುರದಿಂದ ಧುಮುಕು, ದೂತರು ಕಾಯುತ್ತಾರೆ ಎಂದು ಶೋಧಕನು ಹೇಳಿದಾಗ ಪ್ರಭು ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸುವುದು ಭಕ್ತಿಯಲ್ಲ. ಅದಕ್ಕೂ ಮಿಗಿಲಾಗಿ, ನನ್ನ ಸುರಕ್ಷತೆಯನ್ನು ನಾನು ತ್ಯಾಗ ಮಾಡಬಹುದು. ಮಗುವಿನದನ್ನು ತ್ಯಾಗ ಮಾಡಲು ನನಗೆ ಹಕ್ಕಿಲ್ಲ. ಅದು ನನ್ನ ಸೊತ್ತಲ್ಲ. ಮಕ್ಕಳ ಥೈರಾಯ್ಡ್ ಗ್ರಂಥಿ ದೊಡ್ಡವರದಕ್ಕಿಂತ ವಿಕಿರಣಕ್ಕೆ ಬೇಗ ಮಣಿಯುತ್ತದೆ. ಚೆರ್ನೋಬಿಲ್‌ನ ಮಕ್ಕಳೇ ಇದಕ್ಕೆ ಸಾಕ್ಷಿ.

ನೆರೆಯಾಕೆಯದು ಇದಕ್ಕೆ ತದ್ವಿರುದ್ಧವಾದ ತಪ್ಪು. ಕ್ಯಾನ್ಸರ್ ಅಂಟುರೋಗವಲ್ಲ. ಅಯೋಡಿನ್ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ಆದರೆ ಅವಳ ನಿಶ್ಚಯಕ್ಕೆ ದಿನಗಳ ಲೆಕ್ಕವಿಲ್ಲ. ಒಂದು ವರ್ಷ ಕಳೆದರೂ ಆ ಮನೆಯ ನೀರು ಕುಡಿಯಲು ಅವಳು ಹಿಂಜರಿಯುತ್ತಾಳೆ. ಆ ಮನೆಯ ಹುಡುಗಿಯ ಮದುವೆಯ ಮಾತು ಬಂದಾಗ ಮೂಗು ಮುರಿಯುತ್ತಾಳೆ. ದೂರ ನಿಲ್ಲುವುದು ಪ್ರೀತಿಯೋ ಬಹಿಷ್ಕಾರವೋ ಎಂದು ತಿಳಿಯುವ ಪರೀಕ್ಷೆ ಇದೇ: ಪ್ರೀತಿಯಿಂದ ಇಟ್ಟ ದೂರಕ್ಕೆ ಲೆಕ್ಕವಿದೆ, ಕೊನೆಯ ದಿನವಿದೆ, ಮರಳಿ ಕರೆಯುವ ಮನಸ್ಸಿದೆ. ಬಹಿಷ್ಕಾರಕ್ಕೆ ಇವು ಮೂರೂ ಇಲ್ಲ.

ಹಳೆಯ ಒಡಂಬಡಿಕೆಯ ಯಾಜಕಕಾಂಡವನ್ನು ಓದಿ ನೋಡಿ. ಚರ್ಮರೋಗದ ಶಂಕೆ ಇದ್ದವನನ್ನು ಏಳು ದಿನ ಬೇರೆ ಇರಿಸಿ, ಏಳನೆಯ ದಿನ ಯಾಜಕನು ಮತ್ತೆ ನೋಡಬೇಕೆಂದು ಅಲ್ಲಿ ಹೇಳಿದೆ. ವಾಸಿಯಾದವನನ್ನು ಮರಳಿ ಸೇರಿಸಿಕೊಳ್ಳುವ ವಿಧಿಗೇ ಒಂದು ದೊಡ್ಡ ಭಾಗ ಮೀಸಲಾಗಿದೆ. ಅಷ್ಟು ಕಠಿಣವಾದ ಆ ಹಳೆಯ ಕಟ್ಟಳೆಯಲ್ಲೂ ಮರಳಿ ಬರುವ ಬಾಗಿಲೊಂದಿತ್ತು. ಮನುಷ್ಯರು ಹೊರಗೆ ಹಾಕುವುದನ್ನು ಮಾತ್ರ ನೆನಪಿಟ್ಟುಕೊಂಡರು, ಕರೆದುಕೊಳ್ಳುವುದನ್ನು ಮರೆತರು. ಇನ್ನು ಶುಭಸಂದೇಶಗಳಲ್ಲಿ ಎರಡು ಘಟನೆಗಳಿವೆ. ಸಂತ ಮಾರ್ಕನು ಬರೆದ ಶುಭಸಂದೇಶದಲ್ಲಿ ಯೇಸು ಒಬ್ಬ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿ ಗುಣಪಡಿಸುತ್ತಾರೆ. ಸಂತ ಲೂಕನು ಬರೆದ ಶುಭಸಂದೇಶದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲೇ ನಿಂತು ಕೂಗುತ್ತಾರೆ. ಯೇಸು ಅವರನ್ನು ಮುಟ್ಟಿದರೆಂದು ಅಲ್ಲಿ ಬರೆದಿಲ್ಲ. ಅಷ್ಟು ದೂರದಿಂದಲೇ ಮಾತನಾಡಿ, ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಎಂದು ಕಳುಹಿಸುತ್ತಾರೆ. ದಾರಿಯಲ್ಲೇ ಅವರು ಗುಣವಾಗುತ್ತಾರೆ. ಮುಟ್ಟಿದ್ದೂ ಪ್ರೀತಿ, ದೂರದಿಂದ ಮಾತನಾಡಿದ್ದೂ ಪ್ರೀತಿ. ಅವರು ಯಾರಿಗೂ ಬೆನ್ನು ತೋರಿಸಲಿಲ್ಲ ಎಂಬುದು ಮುಖ್ಯ.

ಗೊತ್ತಿಲ್ಲದವರ ಪಕ್ಕದಲ್ಲಿ

ಮನೆಯವರ ಮಾತಾಯಿತು. ಮುಂಬಯಿಯಿಂದ ಅಂಕೋಲೆಯವರೆಗೆ ರೈಲಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರ ಗತಿಯೇನು? ಆ ಸೀಟಿನಲ್ಲಿ ಒಬ್ಬ ಬಸುರಿ ಕುಳಿತಿರಬಹುದು. ಅವಳಿಗೆ ಏನೂ ತಿಳಿಯದು. ವಿಕಿರಣ ಕಣ್ಣಿಗೆ ಕಾಣದು, ಮೂಗಿಗೆ ನಾರದು. ಯಾರೂ ಕಾಣದ ಕಡೆ ಮಾಡುವ ಒಳಿತೇ ನಮ್ಮ ಆತ್ಮಸಾಕ್ಷಿಯ ನಿಜವಾದ ಪರೀಕ್ಷೆ. ವಿಕಿರಣ ನಿಗದಿತ ಮಟ್ಟಕ್ಕೆ ಇಳಿಯುವ ತನಕ ಆಸ್ಪತ್ರೆಯವರು ಬಿಡುವುದಿಲ್ಲ. ಆದ್ದರಿಂದ ಸಹಪ್ರಯಾಣಿಕರು ಗಾಬರಿಪಡುವ ಕಾರಣವಿಲ್ಲ. ಆದರೂ ರೋಗಿಯಾದವರು ಬಿಡುಗಡೆಯ ಮೊದಲೇ "ನನಗೆ ಇಷ್ಟು ತಾಸಿನ ಪ್ರಯಾಣವಿದೆ, ಯಾವಾಗ ಹೊರಡಲಿ, ಹೇಗೆ ಹೋಗಲಿ?" ಎಂದು ಕೇಳಬೇಕು. ಮುಂಬಯಿಯಲ್ಲಿ ನೆಂಟರಿದ್ದು ಒಂದು ಕೋಣೆ ಬಿಟ್ಟುಕೊಡಬಲ್ಲರಾದರೆ ಎರಡು ದಿನ ತಡೆಯಬಹುದು. ಪಕ್ಕದಲ್ಲಿ ಮಗುವಿನ ತಾಯಿಯೋ ಬಸುರಿಯೋ ಬಂದು ಕುಳಿತರೆ ಎದ್ದು ಬೇರೆ ಜಾಗ ನೋಡಿಕೊಳ್ಳಬಹುದು. ಅವರು ಧನ್ಯವಾದ ಹೇಳುವುದಿಲ್ಲ, ಏಕೆಂದರೆ ಏನಾಯಿತೆಂದು ಅವರಿಗೆ ತಿಳಿಯುವುದೇ ಇಲ್ಲ. ಆಸ್ಪತ್ರೆಯ ಪತ್ರವನ್ನು ಮಾತ್ರ ಜೊತೆಯಲ್ಲಿಡಿ. ವಿಮಾನ ನಿಲ್ದಾಣದಲ್ಲೋ ಅಣುಸ್ಥಾವರದ ದ್ವಾರದಲ್ಲೋ ಇರುವ ಮಾಪಕಗಳು ಇಂಥವರ ಶರೀರದಲ್ಲಿ ಉಳಿದ ಅಲ್ಪ ವಿಕಿರಣಕ್ಕೂ ಸದ್ದು ಮಾಡಬಲ್ಲವು.

ಸತ್ಯವನ್ನು ಯಾರಿಗೆ ಹೇಳಬೇಕು? ನಮ್ಮಲ್ಲಿ ಕ್ಯಾನ್ಸರ್ ಎಂಬ ಹೆಸರನ್ನೇ ಬಚ್ಚಿಡುವ ರೂಢಿ. ಗಂಟಲಿನ ಸಣ್ಣ ಆಪರೇಷನ್ ಎಂದು ಹೇಳಿ ಮುಗಿಸುತ್ತಾರೆ. ಊರಿಗೆಲ್ಲ ಡಂಗುರ ಸಾರುವ ಹಂಗು ರೋಗಿಗಿಲ್ಲ; ನೆರೆಯಾಕೆಯ ಕುತೂಹಲ ತಣಿಸುವುದು ಅವಳ ಕರ್ತವ್ಯವಲ್ಲ. ಆದರೆ ಅಡಿಗೆಮನೆಯ ಬಾಗಿಲಲ್ಲಿ ನಿಂತ ಓರಗಿತ್ತಿಗೆ ತಿಳಿಯುವ ಹಕ್ಕಿದೆ. ತಿಳಿಯದಿದ್ದರೆ ತನ್ನ ಗರ್ಭದಲ್ಲಿರುವ ಮಗುವನ್ನು ಅವಳು ಕಾಪಾಡಿಕೊಳ್ಳುವುದು ಹೇಗೆ? ಯಾರ ಒಳಿತು ನಮ್ಮ ಮಾತಿನ ಮೇಲೆ ನಿಂತಿದೆಯೋ ಅವರಿಗೆ ಹೇಳಬೇಕು. ಅವಳನ್ನು ಕೂರಿಸಿ ದಿನಗಳ ಲೆಕ್ಕವನ್ನು ವಿವರಿಸಿದರೆ, ಅವಳು ಕೆಲವು ವಾರ ತವರಿಗೆ ಹೋಗಿ ಬರಬಹುದು, ಇಲ್ಲವೇ ಮನೆಯಲ್ಲೇ ದೂರವಿರಬಹುದು. ಹೇಳದೆ ಬಿಟ್ಟರೆ ಮುಂದೆ ಏನೇ ಆದರೂ ಶಂಕೆಯ ಮುಳ್ಳು ಆ ಇಬ್ಬರ ನಡುವೆ ಉಳಿಯುತ್ತದೆ.

ನಾವು ಮಾಡಬೇಕಾದದ್ದು

ಪ್ರಿಯ ಓದುಗರೇ, 2020ರಲ್ಲಿ ಕೊರೊನಾ ಬಂದಾಗ ಬಾಗಿಲಾಚೆ ನಿಂತು ಊಟ ಇಟ್ಟುಹೋದವರನ್ನು ನಾವು ಕಂಡಿದ್ದೇವೆ. ಬಾಗಿಲನ್ನೇ ಮುಚ್ಚಿಕೊಂಡವರನ್ನೂ ಕಂಡಿದ್ದೇವೆ. ಇಬ್ಬರೂ ಇಟ್ಟ ದೂರ ಒಂದೇ. ಆದರೆ ರೋಗಿಗಳು ಇಂದಿಗೂ ನೆನೆಯುವುದು ಊಟ ಇಟ್ಟವರನ್ನು.

ನಿಮ್ಮ ವಾಡೆಯಲ್ಲಿ ಇಂಥ ಚಿಕಿತ್ಸೆ ಪಡೆದು ಬಂದವರಿದ್ದರೆ ಜಗಲಿಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ಮಾತನಾಡಿ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಿ. ದಿನಾ ಸಂಜೆ ಫೋನ್ ಮಾಡಿ. ಅಕಸ್ಮಾತ್ ಅವಳು ತಲೆತಿರುಗಿ ಬಿದ್ದರೆ ದೂರದ ಲೆಕ್ಕ ಹಾಕುತ್ತ ನಿಲ್ಲಬೇಡಿ, ಓಡಿ ಹೋಗಿ ಎತ್ತಿ. ಕೆಲವು ನಿಮಿಷದ ಆ ಹತ್ತಿರದಿಂದ ದೊಡ್ಡವರಿಗೆ ಆಗುವ ಅಪಾಯ ತೀರಾ ಅಲ್ಪ. ಆ ದಿನಗಳಲ್ಲಿ ಅವಳು ಭಾನುವಾರದ ಬಲಿಪೂಜೆಗೆ ಬಾರದಿದ್ದರೆ ಆಡಿಕೊಳ್ಳಬೇಡಿ. ರೋಗಿಗಳಿಗೆ ಆ ಕಟ್ಟಳೆಯಿಂದ ವಿನಾಯಿತಿ ಇದೆ. ಬೇರೆಯವರ ಮಕ್ಕಳಿಗಾಗಿ ಮನೆಯಲ್ಲಿ ಉಳಿದವಳು ಇಗರ್ಜಿಯ ಹೊರಗಿದ್ದಾಳೆಂದು ನಾನು ತಿಳಿಯಲಾರೆ. ದಿನಗಳು ಮುಗಿದ ಮೇಲೆ ಮೊದಲು ನೀವೇ ಹೋಗಿ, ಅವಳ ಕೈಯಿಂದ ಒಂದು ಲೋಟ ನೀರು ಕೇಳಿ ಕುಡಿಯಿರಿ. ನೂರು ಸಮಾಧಾನದ ಮಾತಿಗಿಂತ ಆ ಒಂದು ಲೋಟ ನೀರು ಹೆಚ್ಚು ಹೇಳುತ್ತದೆ. ಬೇಲಿಯಾಚೆಯಿಂದ ನೋಡುವವರೂ ಅದನ್ನು ನೋಡಲಿ.

ಆ ತಾಯಿಯ ಕೋಣೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗಿದೆ. ಆಸ್ಪತ್ರೆಯವರು ಹೇಳಿದ ದಿನಕ್ಕೆ ಅವಳು ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದ್ದಾಳೆ. ಪ್ರತಿ ರಾತ್ರಿ ಒಂದೊಂದು ದಿನವನ್ನು ಹೊಡೆದುಹಾಕಿ, ಕಿಟಕಿಯಿಂದ ಅಂಗಳದ ಆಚೆ ಅಜ್ಜಿಯ ಮಡಿಲಲ್ಲಿರುವ ಮಗನಿಗೆ ಕತೆ ಹೇಳುತ್ತಾಳೆ. ಮೊದಲೆರಡು ದಿನ ಅವನು ಅತ್ತ. ಈಗ ಅವನಿಗೂ ಎಣಿಕೆ ಬಂದಿದೆ. "ಅಮ್ಮಾ, ಇನ್ನು ಎಷ್ಟು?" ಎಂದು ಕೇಳುತ್ತಾನೆ. ಅವಳು ಬೆರಳುಗಳನ್ನು ಎತ್ತಿ ತೋರಿಸುತ್ತಾಳೆ. ಪ್ರತಿ ರಾತ್ರಿ ಒಂದು ಬೆರಳು ಕಡಿಮೆಯಾಗುತ್ತದೆ.

ಇಂದು ರಾತ್ರಿ ಕುಟುಂಬ ಪ್ರಾರ್ಥನೆಗೆ ಕುಳಿತಾಗ, ಮುಚ್ಚಿದ ಕೋಣೆಯಲ್ಲಿ ಬೆರಳೆಣಿಸುತ್ತ ಕುಳಿತ ಇಂಥ ಒಬ್ಬರನ್ನು ನೆನೆಯಿರಿ. ನಾಳೆ ಬೆಳಿಗ್ಗೆ ಅವರ ಜಗಲಿಯವರೆಗೆ ಹೋಗಿ ಬನ್ನಿ.